ಜ್ವರ ಇಳಿದ ಮೇಲೆ ಕೈಕೊಡುವ ನರಗಳು

ಜ್ವರ, ಕೆಮ್ಮು ವಾಸಿಯಾಗಿ ಎರಡು ವಾರವಾಗಿದೆ. ಈಗ ಪಾದ ಜೋಮು ಹಿಡಿಯುತ್ತಿದೆ, ಮೆಟ್ಟಿಲು ಹತ್ತಲು ಆಗುತ್ತಿಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ 'ನಿಶ್ಶಕ್ತಿ'. ಒಂದು ಸಲೈನ್ ಹಾಕಿಸಿದರೆ ಸರಿಹೋಗುತ್ತೆ ಅಂತಾರೆ. ಹೆಚ್ಚಿನವರಿಗೆ ಸರಿಹೋಗುತ್ತದೆ ಕೂಡ. ಕೆಲವರಲ್ಲಿ ಮಾತ್ರ ಅದು ನಿಶ್ಶಕ್ತಿಯಲ್ಲ, ನರದ ಕಾಯಿಲೆ.

ಇದು ಕೊರೊನಾ ಕಾಲದಲ್ಲಿ ಹೊಸದಾಗಿ ಗೊತ್ತಾದ ವಿಷಯವಲ್ಲ. 1889ರ 'ರಷ್ಯನ್ ಫ್ಲೂ' ನಂತರ ಯುರೋಪಿನ ವೈದ್ಯರು ಜ್ವರ ಬಿಟ್ಟ ಮೇಲೂ ಉಳಿಯುವ ಮಂಕು, ಸುಸ್ತು, ನರನೋವಿನ ಬಗ್ಗೆ ಬರೆದಿಟ್ಟಿದ್ದರು. 1918ರಲ್ಲಿ ಬಂದ ಫ್ಲೂ ಮುಂಬೈ ಬಂದರಿನಿಂದ ರೈಲು ಹತ್ತಿ ಒಳನಾಡಿಗೆ ಹಬ್ಬಿತು. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ರಾಯಚೂರು, ಕೊಪ್ಪಳ ನಿಜಾಮರ ಸೀಮೆಯಲ್ಲಿದ್ದವು. ಮುಂಬೈ, ಮದ್ರಾಸ್ ಕಡೆಯ ಹಳಿಗಳು ರಾಯಚೂರಿನಲ್ಲಿ ಕೂಡಿದ್ದು 1871ರಲ್ಲೇ. ದೇಶದಲ್ಲಿ 1 ಕೋಟಿಗೂ ಜಾಸ್ತಿ ಜನ ಸತ್ತರೆಂಬ ಅಂದಾಜಿದೆ. ಬದುಕುಳಿದು ಕೈಕಾಲು ಸೋತವರನ್ನು ಎಣಿಸುವ ವ್ಯವಸ್ಥೆ ಮಾತ್ರ ಇರಲಿಲ್ಲ.

ಅದೇ ಸುಮಾರಿಗೆ, 1917ರಲ್ಲಿ, ವಿಯೆನ್ನಾದ ವೈದ್ಯ ವಾನ್ ಎಕೊನೊಮೊ ರೋಗಿಗಳನ್ನು ನಿದ್ದೆಯಲ್ಲೇ ಮುಳುಗಿಸುವ ಮಿದುಳಿನ ಉರಿಯೂತವೊಂದನ್ನು ವಿವರಿಸಿದರು. ಅದಕ್ಕೂ ಫ್ಲೂಗೂ ನಂಟಿದೆ ಎಂದು ಆಗ ಹಲವರು ನಂಬಿದ್ದರು. ಅದು ಸಾಬೀತಾಗಲಿಲ್ಲ.

ಇದಕ್ಕಿಂತ ನಮಗೆ ಹತ್ತಿರದ್ದು 1916ರ ಕಥೆ. ಗಿಯಾನ್, ಬಾರ್ರೆ, ಸ್ಟ್ರೋಲ್ ಎಂಬ ಮೂವರು ಫ್ರೆಂಚ್ ವೈದ್ಯರು ಕೈಕಾಲಿನ ಬಲ ಹೋದ ಇಬ್ಬರು ಸೈನಿಕರ ಬಗ್ಗೆ ಬರೆದರು. ಇಂದು ಜಿಬಿಎಸ್ (ಗಿಯಾನ್-ಬಾರ್ರೆ ಸಿಂಡ್ರೋಮ್) ಎನ್ನುವುದು ಇದನ್ನೇ. ಸೋಂಕಿನ ವಿರುದ್ಧ ಎದ್ದ ರೋಗನಿರೋಧಕ ಶಕ್ತಿ ದಾರಿ ತಪ್ಪಿ, ವೈರಿನ ಪ್ಲಾಸ್ಟಿಕ್ ಹೊದಿಕೆಯಂತೆ ನರವನ್ನು ಸುತ್ತಿರುವ ಪೊರೆಯನ್ನೇ ಕೆಡಿಸುತ್ತದೆ. ಜೋಮು ಪಾದದಲ್ಲಿ ಶುರುವಾಗುತ್ತದೆ, ಬಲಹೀನತೆ ಮೇಲಕ್ಕೇರುತ್ತದೆ. ಎದೆಯ ಸ್ನಾಯು ತಲುಪಿದರೆ ವೆಂಟಿಲೇಟರ್ ಬೇಕಾಗುತ್ತದೆ. ವರ್ಷಕ್ಕೆ ಲಕ್ಷ ಜನರಲ್ಲಿ 1ರಿಂದ 2 ಮಂದಿಗೆ ಬರುತ್ತದೆ. ಸುಮಾರು ಮೂರರಲ್ಲಿ ಎರಡು ಪಾಲು ರೋಗಿಗಳಿಗೆ ಅದಕ್ಕೂ ಮುಂಚಿನ ವಾರಗಳಲ್ಲಿ ನೆಗಡಿ, ಜ್ವರವೋ ಭೇದಿಯೋ ಆಗಿರುತ್ತದೆ.

1976ರಲ್ಲಿ ಅಮೆರಿಕದಲ್ಲಿ ಹಂದಿಜ್ವರದ ಲಸಿಕೆ ಪಡೆದವರಲ್ಲಿ ಜಿಬಿಎಸ್ ಸ್ವಲ್ಪ ಹೆಚ್ಚಾಗಿ ಕಂಡು, ಲಸಿಕೆಯನ್ನೇ ನಿಲ್ಲಿಸಿದರು. ಆ ಹೆದರಿಕೆ ಇಂದಿಗೂ ಉಳಿದಿದೆ. ಆದರೆ ಈಗಿನ ಫ್ಲೂ ಲಸಿಕೆಗಿಂತ ಫ್ಲೂ ಬಂದರೇ ಈ ಅಪಾಯ ಜಾಸ್ತಿ.

ಆಮೇಲೆ ಕೊರೊನಾ ಬಂತು. ಜೂನ್ 2020ರಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಸೋಂಕು ಹಬ್ಬಿ ಬಳ್ಳಾರಿ ಜಿಲ್ಲೆ ಸುದ್ದಿಯಾಯಿತು. ಮರುವರ್ಷದ ಎರಡನೇ ಅಲೆಯಲ್ಲಿ ಅದೇ ತೋರಣಗಲ್ಲಿನಿಂದ ಆಕ್ಸಿಜನ್ ಟ್ಯಾಂಕರ್‌ಗಳು ಹೊರಟವು. ಆ ದಿನಗಳಲ್ಲಿ ಹಾಸಿಗೆ, ಆಕ್ಸಿಜನ್ ಬಿಟ್ಟು ಬೇರೇನೂ ಯೋಚಿಸಲು ಯಾರಿಗೂ ಪುರುಸೊತ್ತಿರಲಿಲ್ಲ. ನೆಗೆಟಿವ್ ಬಂದರೆ ಮುಗಿಯಿತು ಎಂದುಕೊಂಡೆವು. ಆದರೆ ಹಲವರಿಗೆ ಒಗ್ಗರಣೆಯ ವಾಸನೆ ತಿಂಗಳುಗಟ್ಟಲೆ ಮರಳಲಿಲ್ಲ, ಲೆಕ್ಕಪತ್ರ ಬರೆಯುವಾಗ ಅಂಕಿ ನೆನಪಿರುತ್ತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆ ಒಂದು ವ್ಯಾಖ್ಯೆ ಕೊಟ್ಟಿದ್ದು ಅಕ್ಟೋಬರ್ 2021ರಲ್ಲಿ. ಸೋಂಕಿನಿಂದ ಮೂರು ತಿಂಗಳಾದ ಮೇಲೂ ಇರುವ, ಕನಿಷ್ಠ ಎರಡು ತಿಂಗಳು ಕಾಡುವ, ಬೇರೆ ಕಾರಣ ಸಿಗದ ತೊಂದರೆ ಅದು. ಅಷ್ಟರಲ್ಲಿ ಎಷ್ಟೋ ಜನ ಸುಮ್ನೆ ಸೋಮಾರಿ ಅನ್ನಿಸಿಕೊಂಡಿದ್ದರು.

ಮಂಕುತನ, ಮರೆವು ಇದ್ದರೆ ವಾರಗಟ್ಟಲೆ ಕಾದು ನೋಡಬಹುದು. ಜಿಬಿಎಸ್‌ನಲ್ಲಿ ಹಾಗಾಗದು. ಪ್ಲಾಸ್ಮಾ (ರಕ್ತದ ದ್ರವಭಾಗ) ಬದಲಾವಣೆ ಅಥವಾ ಇಮ್ಯುನೊಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ರೋಗನಿರೋಧಕ ಪ್ರೋಟೀನ್) ಇಂಜೆಕ್ಷನ್, ಎರಡೂ ಮೊದಲ ಎರಡು ವಾರದೊಳಗೆ ಸಿಕ್ಕರೇ ಚೆನ್ನಾಗಿ ಕೆಲಸ ಮಾಡುತ್ತವೆ. ಸ್ಟೀರಾಯ್ಡ್‌ನಿಂದ ಪ್ರಯೋಜನವಿಲ್ಲ. ಲಕ್ವಾ ಹೊಡೆದಿದೆ ಎಂದು ನಾಟಿ ಔಷಧಿಗೆ ಅಲೆದರೆ ಈ ದಿನಗಳೇ ಕೈಜಾರುತ್ತವೆ. ಎರಡೂ ಕಾಲು ಒಟ್ಟಿಗೆ ಸೋಲುತ್ತಿದ್ದರೆ, ನುಂಗಲು, ಉಸಿರಾಡಲು ಕಷ್ಟವಾದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು.

15 ವರ್ಷದೊಳಗಿನ ಮಗುವಿನ ಕೈಕಾಲು ದಿಢೀರ್ ಬಲ ಕಳೆದುಕೊಂಡರೆ ಸರ್ಕಾರಕ್ಕೆ ವರದಿ ಹೋಗಲೇಬೇಕು. ಪೋಲಿಯೊ ಮೇಲೆ ಕಣ್ಣಿಡಲು ಮಾಡಿದ ವ್ಯವಸ್ಥೆ ಅದು. ದೊಡ್ಡವರ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಿಲ್ಲ. ಮೂರೂ ಜಿಲ್ಲೆಗಳಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ಜ್ವರದ ನಂತರ ನರದ ತೊಂದರೆಯಿಂದ ಬಂದವರನ್ನು ವಯಸ್ಸು ನೋಡದೆ ಅಲ್ಲಿ ದಾಖಲಿಸಲು ಶುರುಮಾಡಬಹುದು, ಅಲ್ವಾ?