ಪೈಲಟ್ ‘ಬೇಡ’ ಅಂದರೆ ಬೇಡ

ಸಿನಿಮಾ ಶೂಟಿಂಗ್‌ಗೆ ಕ್ಯಾಮೆರಾ ಹಿಡಿದು ಹೆಲಿಕಾಪ್ಟರ್ ಹತ್ತುವ ಮುಂಚೆ ನಾನು ಮಾಡುವ ಮೊದಲ ಕೆಲಸ ಜೇಬು ಖಾಲಿ ಮಾಡುವುದು. ಪೆನ್ನು, ಚಿಲ್ಲರೆ, ಕರ್ಚೀಫು, ಲೆನ್ಸ್ ಒರೆಸುವ ಬಟ್ಟೆ, ಎಲ್ಲಾ ಹೊರಗೆ. ಜೊತೆಗೆ ಬರುವ ಅಸಿಸ್ಟೆಂಟ್ ಹುಡುಗನ ಜೇಬನ್ನೂ ನಾನೇ ನೋಡುತ್ತೇನೆ. ತಲೆಗೆ ಕ್ಯಾಪ್ ಇದ್ದರೆ ತೆಗೆಸುತ್ತೇನೆ. ಕ್ಯಾಮೆರಾವನ್ನು ಒಳಗಿಂದಲೇ ಹಿಡಿದು ಶೂಟ್ ಮಾಡುವಾಗ ಬಾಗಿಲು ಬಿಚ್ಚಿಟ್ಟಿರುತ್ತಾರೆ. ಆ ಬಾಗಿಲಿಂದ ಹಾರಿಹೋದ ಒಂದು ಕ್ಯಾಪ್ ಸೀದಾ ಹಿಂದಕ್ಕೆ ಹೋಗಿ ಬಾಲದ ರೋಟರ್‌ಗೆ ಬಡಿಯಬಹುದು. ಮೇಲಿನ ದೊಡ್ಡ ರೆಕ್ಕೆ ಒಂದು ಕಡೆ ತಿರುಗುವಾಗ ಹೆಲಿಕಾಪ್ಟರಿನ ಮೈ ಇನ್ನೊಂದು ಕಡೆಗೆ ಗಿರಗಿರ ತಿರುಗದಂತೆ ತಡೆದಿರುವುದು ಆ ಪುಟ್ಟ ರೋಟರೇ. ಅದಕ್ಕೆ ಪೆಟ್ಟು ಬಿದ್ದರೆ ಮುಂದಿನದ್ದನ್ನು ನಾನು ವಿವರಿಸಬೇಕಿಲ್ಲ.

ಹೊಸ ನಿರ್ದೇಶಕರು ಫೋನ್ ಮಾಡಿ “ಸರ್, ಓಪನಿಂಗ್‌ಗೆ ಒಂದು ಹೆಲಿಕಾಪ್ಟರ್ ಶಾಟ್ ಬೇಕು” ಅಂದಾಗ ನಾನು ಕೇಳುವುದು ಒಂದೇ ಪ್ರಶ್ನೆ: “ಡ್ರೋನ್‌ನಲ್ಲಿ ಆಗಲ್ವಾ?” ಮುಕ್ಕಾಲು ಪಾಲು ಸಲ ಆಗುತ್ತದೆ. 2021ರ ಡ್ರೋನ್ ನಿಯಮಗಳ ಪ್ರಕಾರ, ಸರ್ಕಾರದ ನಕ್ಷೆಯಲ್ಲಿ ಹಸಿರು ಅಂತ ಗುರುತಿಸಿದ ವಲಯದಲ್ಲಿ 400 ಅಡಿ ಎತ್ತರದವರೆಗೆ ಹಾರಿಸಲು ಮೊದಲೇ ಅನುಮತಿ ಪಡೆಯಬೇಕಿಲ್ಲ. ದೇವಸ್ಥಾನದ ಗೋಪುರ, ತೋಟದ ಮನೆ, ಬೈಕ್‌ನಲ್ಲಿ ಹೋಗುವ ನಾಯಕ, ಇವಕ್ಕೆಲ್ಲ ಡ್ರೋನ್ ಸಾಕು. ಖರ್ಚು ಕಡಿಮೆ. ಅದಕ್ಕಿಂತ ದೊಡ್ಡ ಮಾತು, ಏನಾದರೂ ಎಡವಟ್ಟಾದರೆ ಅದರೊಳಗೆ ಮನುಷ್ಯರಿಲ್ಲ. ಡ್ರೋನ್ ಬಂದು ನನ್ನ ಎಷ್ಟೋ ಕೆಲಸ ಹೋಯಿತು. ಅದರ ಬಗ್ಗೆ ನನಗೆ ನಿಜವಾಗಿಯೂ ಬೇಸರವಿಲ್ಲ.

ಹೆಲಿಕಾಪ್ಟರ್ ಬೇಕಾಗುವುದು ದೂರ, ವೇಗ ಮತ್ತು ಉದ್ದದ ಲೆನ್ಸ್ ಮೂರೂ ಸೇರಿದಾಗ. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆ ಘಟ್ಟ ಇಳಿಯುವ ರೈಲನ್ನು ನೆನಪಿಸಿಕೊಳ್ಳಿ. ಅದನ್ನು ಒಂದು ಕಿಲೋಮೀಟರ್ ದೂರದಿಂದ, ಉದ್ದದ ಲೆನ್ಸ್‌ನಲ್ಲಿ, ಪಕ್ಕಪಕ್ಕದಲ್ಲೇ ಹಾರುತ್ತಾ ಹಿಡಿದರೆ ಬೋಗಿ ಫ್ರೇಮಿನಲ್ಲಿ ಕದಲದೆ ನಿಲ್ಲುತ್ತದೆ. ಹಿಂದಿನ ಬೆಟ್ಟ ಎದ್ದು ಹತ್ತಿರ ಬಂದು ಸರಿಯುತ್ತಾ ಹೋಗುತ್ತದೆ. ನೋಡುವವರಿಗೆ ರೈಲಿಗಿಂತ ಆ ಘಟ್ಟ ಎಷ್ಟು ದೊಡ್ಡದು ಅನ್ನುವುದು ಎದೆಗೆ ತಟ್ಟುತ್ತದೆ. ಬ್ಯಾಟರಿ ಅರ್ಧ ಗಂಟೆ ಬಾಳುವ, ಕಣ್ಣಳತೆಯಲ್ಲೇ ಇರಬೇಕಾದ ಡ್ರೋನ್‌ನಿಂದ ಇದು ಕಷ್ಟ.

ಆದರೆ ಹೆಲಿಕಾಪ್ಟರಿನಷ್ಟು ನಡುಗುವ ಜಾಗ ಕ್ಯಾಮೆರಾಕ್ಕೆ ಇನ್ನೊಂದಿಲ್ಲ. ನಾವು ಬಳಸುವ ಸಣ್ಣ ಹೆಲಿಕಾಪ್ಟರುಗಳ ಮೇಲಿನ ದೊಡ್ಡ ರೋಟರ್ ನಿಮಿಷಕ್ಕೆ ಸುಮಾರು 400 ಸುತ್ತು ತಿರುಗುತ್ತದೆ. ಎರಡು ಬ್ಲೇಡ್ ಇದ್ದರೆ ಸೆಕೆಂಡಿಗೆ 13 ಸಲ ಇಡೀ ಮೈ ಅದುರುತ್ತದೆ. ಉದ್ದದ ಲೆನ್ಸ್‌ನಲ್ಲಿ ಆ ಅದುರು ಚಿತ್ರವನ್ನು ಕಲಸಿಬಿಡುತ್ತದೆ. ಇದಕ್ಕೆ ದಾರಿ ಹುಡುಕಿದವರನ್ನು ನಾವು ನೆನೆಯಬೇಕು. ಫ್ರಾನ್ಸಿನ ನಿರ್ದೇಶಕ ಆಲ್ಬರ್ ಲಾಮೊರಿಸ್ ಹೆಲಿಕಾಪ್ಟರಿನಲ್ಲಿ ಕ್ಯಾಮೆರಾ ಅದುರದಂತೆ ಹಿಡಿಯುವ ‘ಹೆಲಿವಿಷನ್’ ಅನ್ನುವ ವ್ಯವಸ್ಥೆ ಮಾಡಿಕೊಂಡರು. 1970ರಲ್ಲಿ ಇರಾನಿನ ಕರಜ್ ಅಣೆಕಟ್ಟಿನ ಹತ್ತಿರ ಚಿತ್ರೀಕರಣ ಮಾಡುವಾಗ ಹೆಲಿಕಾಪ್ಟರ್ ಬಿದ್ದು ತೀರಿಹೋದರು. ಅಮೆರಿಕದ ನೆಲ್ಸನ್ ಟೈಲರ್ ಮಾಡಿದ, ಹೆಲಿಕಾಪ್ಟರಿನಲ್ಲಿ ಕ್ಯಾಮೆರಾ ಕೂರಿಸುವ ಮೌಂಟ್‌ಗೆ 1964ರ ಸಾಲಿನ ಆಸ್ಕರ್ ತಾಂತ್ರಿಕ ಪ್ರಶಸ್ತಿ ಬಂತು. ಈಗ ಮೂತಿಯ ಕೆಳಗೆ ಕುಂಬಳಕಾಯಿಯಂತೆ ಒಂದು ಗುಂಡು ನೇತಾಡುತ್ತದೆ. ಅದರೊಳಗೆ ಕ್ಯಾಮೆರಾ, ಅಲುಗಾಟ ಗುರುತಿಸುವ ಜೈರೋಗಳು, ಮೋಟಾರುಗಳು. ನಾನು ಒಳಗೆ ಕೂತು ಮಾನಿಟರ್ ನೋಡುತ್ತಾ ಜಾಯ್‌ಸ್ಟಿಕ್‌ನಲ್ಲಿ ನಡೆಸುತ್ತೇನೆ. ನಡುಕವನ್ನು ಯಂತ್ರ ನುಂಗಿಕೊಳ್ಳುತ್ತದೆ.

ಆದರೂ ಶಾಟ್ ನನ್ನೊಬ್ಬನದಲ್ಲ. ಕ್ಯಾಮೆರಾ ಎಲ್ಲಿ ಹೋಗಬೇಕು ಅನ್ನುವುದು ಪೈಲಟ್ ಕೈಯಲ್ಲಿದೆ. ನೆಲದ ಮೇಲೆ ಟ್ರಾಲಿ ತಳ್ಳುವವರು ಹೇಗೋ, ಆಕಾಶದಲ್ಲಿ ಅವರು ಹಾಗೆ. ಅದಕ್ಕೇ ನನ್ನ ಬ್ಯಾಗಿನಲ್ಲಿ ಜಾತ್ರೆಯಲ್ಲಿ ಕೊಂಡ ಒಂದು ಆಟದ ಹೆಲಿಕಾಪ್ಟರ್ ಇಟ್ಟುಕೊಂಡಿದ್ದೇನೆ. ಬೆಳಗಿನ ಜಾವ ಮೈದಾನದಲ್ಲೇ ಸುಣ್ಣದಲ್ಲಿ ಗೆರೆ ಎಳೆಯುತ್ತೇವೆ. ಕಲ್ಲು ಇಟ್ಟರೆ ಬೆಟ್ಟ, ಬೆಂಕಿಪೊಟ್ಟಣ ಇಟ್ಟರೆ ರೈಲು. ಪೈಲಟ್ ಆ ಆಟಿಕೆ ಹಿಡಿದು ಗೆರೆಯ ಮೇಲೆ ನಡೆಯುತ್ತಾರೆ. ನಾನು ಪಕ್ಕದಲ್ಲಿ ನಡೆಯುತ್ತಾ “ಇಲ್ಲಿ ಬಲಕ್ಕೆ ವಾಲಿದರೆ ರೋಟರ್ ಫ್ರೇಮಿಗೆ ಬರುತ್ತೆ” ಅನ್ನುತ್ತೇನೆ. ಸೂರ್ಯ ಯಾವ ಕಡೆ, ನಮ್ಮದೇ ನೆರಳು ಎಲ್ಲಿ ಬೀಳುತ್ತದೆ, ಗಾಳಿ ಎತ್ತಿಂದ, ಇಂಜಿನ್ ಕೈಕೊಟ್ಟರೆ ಯಾವ ಗದ್ದೆಗೆ ಇಳಿಯಬೇಕು, ಎಲ್ಲವೂ ಅಲ್ಲೇ ತೀರ್ಮಾನ. ನೀರಿನ ಮೇಲಿನ ಶಾಟ್ ಆದರೆ ಇನ್ನೊಂದು ಮಾತು. ನಿಂತಲ್ಲೇ ನಿಂತರೆ ರೋಟರ್ ಗಾಳಿಗೆ ಕೆರೆ ಕುದಿಯುವಂತೆ ಕಾಣುತ್ತದೆ. ಮುಂದಕ್ಕೆ ಹೋಗುತ್ತಿದ್ದರೆ ಆ ಗಾಳಿ ಹಿಂದೆ ಬೀಳುತ್ತದೆ, ನೀರು ಕನ್ನಡಿಯ ಹಾಗೇ ಇರುತ್ತದೆ.

ಒಮ್ಮೆ ಘಟ್ಟದಲ್ಲಿ ಕಣಿವೆಯೊಳಕ್ಕೆ ಇಳಿದು ಹೊರಬರುವ ಶಾಟ್ ಇತ್ತು. ಎರಡು ಟೇಕ್ ಚೆನ್ನಾಗಿ ಬಂದವು. ನಿರ್ದೇಶಕರು ರೇಡಿಯೋದಲ್ಲಿ “ಇನ್ನೂ ಸ್ವಲ್ಪ ಕೆಳಗೆ ಹೋಗಿ” ಅಂದರು. ಪೈಲಟ್ “ಬೇಡ ಸರ್” ಅಂದರು. ಮತ್ತೆ ಕೇಳಿದರು. ಮತ್ತೆ ಅದೇ “ಬೇಡ ಸರ್”. ನನಗೂ ಒಳಗೊಳಗೇ ಆಸೆ ಇತ್ತು, ಬೆಳಕು ಅಷ್ಟು ಚೆನ್ನಾಗಿತ್ತು. ಇಳಿದ ಮೇಲೆ ಯಾಕೆ ಅಂತ ಕೇಳಿದೆ. “ಬಲಗಡೆ ಗುಡ್ಡದ ಮೇಲೆ ಒಂದು ಕಂಬ ಕಂಡಿತು. ಅದರ ಜೋಡಿ ಎಲ್ಲಿದೆ ಅಂತ ಕಾಣಲಿಲ್ಲ” ಅಂದರು. ಮಾರನೇ ದಿನ ಜೀಪಿನಲ್ಲಿ ಹೋಗಿ ನೋಡಿದೆವು. ಎಡಗಡೆ ಮರಗಳ ಮರೆಯಲ್ಲಿ ಇನ್ನೊಂದು ಕಂಬ, ನಡುವೆ ಕಣಿವೆಗೆ ಅಡ್ಡಲಾಗಿ ತಂತಿ. ನನ್ನ ಫುಟೇಜಿನಲ್ಲಿ ಎಷ್ಟು ಹಿಗ್ಗಿಸಿ ನೋಡಿದರೂ ಆ ತಂತಿ ಕಾಣಲಿಲ್ಲ. ಅವತ್ತಿಂದ ಕಡಿಮೆ ಎತ್ತರದ ಯಾವ ಶಾಟ್ ಇದ್ದರೂ ಮೊದಲು ಜೀಪು, ಆಮೇಲೆ ಹೆಲಿಕಾಪ್ಟರ್.

ಕೆಳಗೆ, ನಿಧಾನಕ್ಕೆ. ಸಿನಿಮಾದವರು ಯಾವಾಗಲೂ ಕೇಳುವುದು ಇದನ್ನೇ. ಹೆಲಿಕಾಪ್ಟರಿಗೆ ಅತಿ ಕಷ್ಟವಾದದ್ದೂ ಇದೇ. ಬೆಂಗಳೂರಿನ ರಸ್ತೆ ಬದಿಯ ಮಹಾಗನಿ ಮರದ ಬೀಜ ಗಿರಿಗಿರಿ ತಿರುಗುತ್ತಾ ಮೆಲ್ಲಗೆ ಇಳಿಯುವುದನ್ನು ನೋಡಿದ್ದೀರಲ್ಲ? ಇಂಜಿನ್ ನಿಂತಾಗ ಹೆಲಿಕಾಪ್ಟರ್ ಕೂಡ ಹಾಗೇ ಇಳಿಯಬಲ್ಲದು. ಕೆಳಗಿಂದ ನುಗ್ಗುವ ಗಾಳಿಯೇ ರೋಟರ್ ತಿರುಗಿಸುತ್ತದೆ. ಅದಕ್ಕೆ ಒಂದೋ ಎತ್ತರ ಬೇಕು, ಇಲ್ಲ ವೇಗ ಬೇಕು. ನೂರಡಿ ಎತ್ತರದಲ್ಲಿ ಸುಮ್ನೆ ನಿಂತಿದ್ದರೆ ಎರಡೂ ಇಲ್ಲ. ಜೊತೆಗೆ ನಿಂತಲ್ಲೇ ನಿಲ್ಲಲು ಹೆಚ್ಚು ಶಕ್ತಿ ಬೇಕು. ಬೇಸಿಗೆಯ ಮಧ್ಯಾಹ್ನ, ಬೆಟ್ಟದ ಮೇಲೆ, ಗಾಳಿ ತೆಳುವಾದಾಗ ಇಂಜಿನ್ ಕೊಡಬಲ್ಲ ಶಕ್ತಿಯೇ ಕಡಿಮೆ. ತಾನೇ ಕೆಳಕ್ಕೆ ತಳ್ಳಿದ ಗಾಳಿಯೊಳಗೆ ನೇರವಾಗಿ ಇಳಿದರೆ ರೋಟರಿಗೆ ಹಿಡಿತವೇ ಸಿಗುವುದಿಲ್ಲ. ಆಗ ಪವರ್ ಕೊಟ್ಟಷ್ಟೂ ಜಾಸ್ತಿ ಕುಸಿಯುತ್ತದೆ. ಅದಕ್ಕೇ ನಾನು ಬೆಳಿಗ್ಗೆ ಹತ್ತರೊಳಗೆ ಮುಗಿಸುತ್ತೇನೆ. ಅದಕ್ಕೇ ಎಲ್ಲರನ್ನೂ ತೂಕದ ಯಂತ್ರದ ಮೇಲೆ ನಿಲ್ಲಿಸುತ್ತೇನೆ. ನಿರ್ಮಾಪಕರ ಮಗ ಒಂದು ರೌಂಡ್ ಬರುತ್ತಾನೆ ಅಂದರೆ ಕೈಮುಗಿದು ಇಲ್ಲ ಅನ್ನುತ್ತೇನೆ.

1982ರ ಜುಲೈ 23ರ ನಸುಕಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಹಾಲಿವುಡ್ ಸಿನಿಮಾದ ಶೂಟಿಂಗ್ ನಡೆದಿತ್ತು. ಹೆಲಿಕಾಪ್ಟರ್ ನೆಲಕ್ಕೆ ತೀರಾ ಹತ್ತಿರ ನಿಂತಿತ್ತು. ಕೆಳಗೆ ಸಿಡಿಸಿದ ಸ್ಫೋಟಕಗಳಿಂದ ಬಾಲದ ರೋಟರ್ ಕೆಟ್ಟಿತು. ಹೆಲಿಕಾಪ್ಟರ್ ತಿರುಗುತ್ತಾ ಬಿದ್ದು ನಟ ವಿಕ್ ಮೊರೊ ಮತ್ತು ಇಬ್ಬರು ಪುಟ್ಟ ಮಕ್ಕಳು ಸತ್ತರು. ಹೆಲಿಕಾಪ್ಟರಿನ ಒಳಗಿದ್ದವರು ಬದುಕಿದರು. ಅಲ್ಲಿನ ಚಿತ್ರೋದ್ಯಮ ಸುರಕ್ಷತೆಯ ನಿಯಮಗಳನ್ನು ಬರೆದುಕೊಂಡಿತು.

ನಮ್ಮಲ್ಲೂ ಆಗಿದೆ. 2016ರ ನವೆಂಬರ್ 7, ತಿಪ್ಪಗೊಂಡನಹಳ್ಳಿ ಜಲಾಶಯ. ಕನ್ನಡ ಸಿನಿಮಾವೊಂದರ ಕ್ಲೈಮ್ಯಾಕ್ಸ್ ದೃಶ್ಯಕ್ಕಾಗಿ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ನಟರಾದ ಅನಿಲ್ ಮತ್ತು ಉದಯ್ ಮುಳುಗಿ ಹೋದರು. ಹೆಲಿಕಾಪ್ಟರಿಗೆ ಏನೂ ಆಗಿರಲಿಲ್ಲ. ನಾನು ಹೊಸ ಹುಡುಗರಿಗೆ ಪಾಠ ಹೇಳುವಾಗ ಈ ಮಾತನ್ನು ಒತ್ತಿ ಹೇಳುತ್ತೇನೆ. ಹೆಲಿಕಾಪ್ಟರ್ ಶಾಟ್ ಅಂದರೆ ಮೇಲಿರುವುದು ಮಾತ್ರ ಅಲ್ಲ. ಕೆಳಗಿನ ದೋಣಿ, ಲೈಫ್ ಜಾಕೆಟ್, ಈಜುಗಾರರು, ಆಂಬುಲೆನ್ಸ್, ಇವೂ ಶಾಟಿನ ಭಾಗ. ಇವು ಬಂದು ನಿಂತಿಲ್ಲ ಅಂದರೆ ರೋಟರ್ ತಿರುಗಬಾರದು. ಲೈಟ್ ಹೋಗ್ತಿದೆ, ಕಾಲ್‌ಶೀಟ್ ಮುಗೀತಿದೆ ಅಂತ ಯಾರು ಕೂಗಿದರೂ ಸರಿ.

ಹಾಗಾಗಿ ಬೆಳಗಿನ ಮಾತುಕತೆಯಲ್ಲಿ ನಾನು ಎಲ್ಲರ ಎದುರಿಗೆ, ನಿರ್ದೇಶಕರನ್ನೂ ನಿಲ್ಲಿಸಿಕೊಂಡು, ಜೋರಾಗಿ ಒಂದು ಮಾತು ಹೇಳುತ್ತೇನೆ. ಪೈಲಟ್ ಬೇಡ ಅಂದರೆ ಬೇಡ, ಎರಡನೇ ಸಲ ಯಾರೂ ಕೇಳಬಾರದು. ಹಾರಬೇಕಾದ ನಟ, ಸ್ಟಂಟ್ ಹುಡುಗ, ಲೈಟ್ ಬಾಯ್, ಯಾರಿಗೇ ಆಗಲಿ ಏನೋ ಸರಿ ಇಲ್ಲ ಅನಿಸಿದರೆ “ಸ್ಟಾಪ್” ಅನ್ನಬಹುದು. ಕಾರಣ ಆಮೇಲೆ ಕೇಳೋಣ. ಮೊದಮೊದಲು ಲೈಟ್ ಬಾಯ್‌ಗಳು ಇದನ್ನು ಕೇಳಿ ತಲೆ ಬಗ್ಗಿಸಿಕೊಳ್ಳುತ್ತಿದ್ದರು. ಈಗ ಕೆಲವರು ತಾವಾಗಿಯೇ ಬಂದು “ಅಣ್ಣಾ, ಆ ಥರ್ಮಾಕೋಲ್ ಕಟ್ಟಿಲ್ಲ, ಹಾರುತ್ತೆ” ಅನ್ನುತ್ತಾರೆ.

ಕೊನೆಯ ಅಪಾಯ ಪ್ಯಾಕಪ್ ಅಂದ ಮೇಲೆ ಬರುತ್ತದೆ. ಶಾಟ್ ಓಕೆ ಆದ ಖುಷಿಗೆ ಜನ ಓಡಿ ಬರುತ್ತಾರೆ. ವೇಗವಾಗಿ ತಿರುಗುವ ಬಾಲದ ರೋಟರ್ ಕಣ್ಣಿಗೆ ಕಾಣುವುದಿಲ್ಲ. ಇಳಿಜಾರಿನಲ್ಲಿ ಮೇಲ್ಗಡೆಯಿಂದ ಬಂದರೆ ದೊಡ್ಡ ರೋಟರ್ ತಲೆಮಟ್ಟಕ್ಕೇ ಇರುತ್ತದೆ. ಅದಕ್ಕೇ ಹಗ್ಗ ಕಟ್ಟಿಸಿ, ಬಾಲದ ಕಡೆ ಒಬ್ಬನನ್ನು ಬೆನ್ನು ಮಾಡಿ ನಿಲ್ಲಿಸುತ್ತೇನೆ, ಜನರ ಕಡೆ ಮುಖ. ಪೈಲಟ್ ಹೆಬ್ಬೆರಳು ಎತ್ತುವವರೆಗೆ ಅವನು ಯಾರನ್ನೂ ಬಿಡುವುದಿಲ್ಲ, ನನ್ನನ್ನೂ.