ಪಟ್ಟಿಯಲ್ಲಿ ಹೆಸರಿದೆ, ಬಿಲ್ ಎಲ್ಲಿದೆ?

ಮಳೆಗಾಲ ಶುರುವಾದರೆ ನನ್ನ ಫೋನಿಗೆ ಬಿಡುವಿಲ್ಲ. ಸಿಲ್ವರ್ ಓಕ್ ಬಿದ್ದು ಇಂಟರ್ನೆಟ್ ಹೋಗುತ್ತದೆ, ಹಿಂದೆಯೇ ಕರೆಂಟ್ ಹೋಗುತ್ತದೆ. ಕೊಡಗಿನಲ್ಲಿ ಇದಕ್ಕೆಲ್ಲ ಬೇಜಾರು ಮಾಡಿಕೊಂಡರೆ ಆಗದು. ನನಗೆ ರೇಗುವುದು ಒಂದೇ ಮಾತಿಗೆ: "ಸಾರ್, ಪಟ್ಟಿಯಲ್ಲಿ ರೆಪ್ಲಿಕಾ ಕಾಣ್ತಿದೆ. ಎಲ್ಲ ಸರಿ ಇದೆ ಅಲ್ವಾ?" ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ರೆಪ್ಲಿಕಾ ಅಂದರೆ ಮುಖ್ಯ ಸರ್ವರ್‌ನಲ್ಲಿರುವುದನ್ನು ನಕಲು ಮಾಡಿಕೊಳ್ಳುವ ಇನ್ನೊಂದು ಸರ್ವರ್.

ಹೋದ ಜುಲೈನಲ್ಲಿ ಗೋಣಿಕೊಪ್ಪದ ಒಬ್ಬ ಕಾಫಿ ವ್ಯಾಪಾರಿಯ ಕಡೆಯಿಂದ ಕರೆ ಬಂತು. ಮುಖ್ಯ ಸರ್ವರ್ ಅಲ್ಲೇ ಇದೆ. ವಿರಾಜಪೇಟೆ, ಮಡಿಕೇರಿ ಶಾಖೆಗಳಲ್ಲಿ ಒಂದೊಂದು ರೆಪ್ಲಿಕಾ. ವಿರಾಜಪೇಟೆಯಲ್ಲಿ ಮಂಗಳವಾರದಿಂದೀಚೆಗೆ ಒಂದು ಬಿಲ್ಲೂ ಕಾಣುತ್ತಿಲ್ಲ. ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ಮುಖ್ಯ ಸರ್ವರ್‌ನಲ್ಲಿ, ಸೇರಿಕೊಂಡಿರುವ ರೆಪ್ಲಿಕಾಗಳ ಪಟ್ಟಿ ತೋರಿಸುವ 'ಶೋ ರೆಪ್ಲಿಕಾಸ್' ಆಜ್ಞೆ ಹೊಡೆದಿದ್ದಾನೆ. ಎರಡು ಸಾಲು ಬಂದಿವೆ. ಮೂರು ದಿನ ಸುಮ್ನೆ ಕೂತಿದ್ದಾನೆ.

ಮೈಎಸ್‌ಕ್ಯುಎಲ್‌ನಲ್ಲಿ ರೆಪ್ಲಿಕಾ ಎರಡು ಕೆಲಸ ಮಾಡುತ್ತದೆ. ಒಂದೊಂದಕ್ಕೂ ಒಳಗೆ ಬೇರೆ ಬೇರೆ ಥ್ರೆಡ್ ಓಡುತ್ತಿರುತ್ತದೆ. ಐಓ ಥ್ರೆಡ್ ಮುಖ್ಯ ಸರ್ವರ್‌ನಿಂದ ಬದಲಾವಣೆಗಳನ್ನು ತಂದು ರಿಲೇ ಲಾಗ್ ಎಂಬ ಕಡತದಲ್ಲಿ ಇಡುತ್ತದೆ. ಎಸ್‌ಕ್ಯುಎಲ್ ಥ್ರೆಡ್ ಅದನ್ನು ಓದಿ ಟೇಬಲ್‌ಗೆ ಹಾಕುತ್ತದೆ. ಪಟ್ಟಿಗೆ ಗೊತ್ತಿರುವುದು ಮೊದಲನೆಯದು ಬಂದು ಸೇರಿಕೊಂಡಿದೆ ಅನ್ನುವುದಷ್ಟೇ. ಎರಡನೆಯದು ನಿಂತು ವಾರವಾದರೂ ಪಟ್ಟಿಯಲ್ಲಿ ಹೆಸರು ಹಾಗೇ ಇರುತ್ತದೆ. ಮಾಲೀಕರಿಗೆ ತೋಟದ ಲೆಕ್ಕದಲ್ಲಿ ಹೇಳಿದೆ: "ರೈಟರ್ ಬೆಳಿಗ್ಗೆ ಹಾಜರಿ ಹಾಕ್ತಾರಲ್ಲ, ಇದು ಅದು. ಯಾರು ಎಷ್ಟು ಕಿಲೋ ಹಣ್ಣು ಕುಯ್ದರು ಅಂತ ಸಂಜೆ ತೂಕದಲ್ಲೇ ಗೊತ್ತಾಗೋದು." ಅವರಿಗೆ ಅರ್ಧ ನಿಮಿಷದಲ್ಲಿ ಅರ್ಥವಾಯಿತು. ಹುಡುಗನಿಗೆ ಇನ್ನೂ ಅನುಮಾನ.

ತೂಕ ನೋಡಬೇಕಾದರೆ ರೆಪ್ಲಿಕಾಗೇ ಹೋಗಿ 'ಶೋ ರೆಪ್ಲಿಕಾ ಸ್ಟೇಟಸ್' ಹೊಡೆಯಬೇಕು. ವಿರಾಜಪೇಟೆಯಲ್ಲಿ ಐಓ ಮುಂದೆ 'ಯೆಸ್', ಎಸ್‌ಕ್ಯುಎಲ್ ಮುಂದೆ 'ನೋ' ಇತ್ತು. ಎಷ್ಟು ಸೆಕೆಂಡ್ ಹಿಂದಿದೆ ಎನ್ನುವ ಕಡೆ 'ನಲ್'. ನಲ್ ಅಂದರೆ ಸೊನ್ನೆಯಲ್ಲ, ಲೆಕ್ಕವೇ ಸಿಗುತ್ತಿಲ್ಲ ಅಂತ! ಕೆಳಗೆ ದೋಷ ಸಂಖ್ಯೆ 1062: ಅದೇ ನಂಬರಿನ ದಾಖಲೆ ಆಗಲೇ ಇದೆ. ಕೆದಕಿದಾಗ ಹೊರಬಂತು. ಇಂಟರ್ನೆಟ್ ಲೈನ್ ಇಲ್ಲದ ದಿನ ಶಾಖೆಯವರು ರೆಪ್ಲಿಕಾದಲ್ಲೇ ಎರಡು ಬಿಲ್ ಬರೆದುಬಿಟ್ಟಿದ್ದರು. ರೆಪ್ಲಿಕಾದಲ್ಲಿ ಯಾರೂ ನೇರವಾಗಿ ಬರೆಯದಂತೆ ತಡೆಯುವ 'ಸೂಪರ್ ರೀಡ್ ಓನ್ಲಿ' ಸೆಟ್ಟಿಂಗ್ ಆನ್ ಇದ್ದಿದ್ದರೆ ಸರ್ವರ್ ಒಪ್ಪುತ್ತಿರಲಿಲ್ಲ.

ಪಟ್ಟಿಯ ಬಗ್ಗೆ ಇನ್ನೆರಡು ಮಾತು. ರೆಪ್ಲಿಕಾದ ಹೆಸರು ಬರುವ ಹೋಸ್ಟ್ ಕಾಲಂ ಖಾಲಿ ಇದ್ದರೆ ಗಾಬರಿ ಬೇಡ. ಆ ಹೆಸರು ರೆಪ್ಲಿಕಾ ತಾನೇ ಹೇಳಿಕೊಳ್ಳುವಂಥದ್ದು. ಅದರ ಸೆಟ್ಟಿಂಗ್‌ನಲ್ಲಿ 'ರಿಪೋರ್ಟ್ ಹೋಸ್ಟ್' ಬರೆಯದಿದ್ದರೆ ಖಾಲಿಯೇ. ಲೈನ್ ದಿಢೀರನೆ ಕಡಿದರೆ ಹೋದ ರೆಪ್ಲಿಕಾದ ಹೆಸರು ಸ್ವಲ್ಪ ಹೊತ್ತು ಉಳಿಯುವುದೂ ಉಂಟು. ಎಷ್ಟು ಹೊತ್ತು ಅನ್ನುವುದು ನಿಮ್ಮ ನೆಟ್‌ವರ್ಕ್ ಸೆಟ್ಟಿಂಗ್ ಮೇಲೆ. ಮೈಎಸ್‌ಕ್ಯುಎಲ್ ಆವೃತ್ತಿ 8.0.22ಕ್ಕಿಂತ ಹಳೆಯದಾದರೆ ಪಟ್ಟಿಗೆ 'ಶೋ ಸ್ಲೇವ್ ಹೋಸ್ಟ್ಸ್' ಹೊಡೆಯಬೇಕು. 8.4ರಲ್ಲಿ ಆ ಹಳೇ ಆಜ್ಞೆಯನ್ನೇ ತೆಗೆದುಹಾಕಿದ್ದಾರೆ.

"ಆ ಎರರ್ ಸ್ಕಿಪ್ ಮಾಡಿಬಿಡಿ ಸಾರ್" ಅಂದ ಹುಡುಗ. ನಾನು ಒಪ್ಪಲಿಲ್ಲ. ಸ್ಕಿಪ್ ಮಾಡಿದರೆ ಒಂದೇ ನಂಬರಿನಲ್ಲಿ ಇಲ್ಲೊಬ್ಬ ಬೆಳೆಗಾರರ ಬಿಲ್, ಅಲ್ಲೊಬ್ಬರ ಬಿಲ್ ಉಳಿದುಬಿಡುತ್ತದೆ. ಆ ಎರಡು ಬಿಲ್‌ಗಳನ್ನು ಬರೆದಿಟ್ಟುಕೊಂಡು, ಮುಖ್ಯ ಸರ್ವರ್‌ನಲ್ಲಿ ಹೊಸ ನಂಬರಿನಲ್ಲಿ ಹಾಕಿಸಿ, ವಿರಾಜಪೇಟೆಯ ರೆಪ್ಲಿಕಾವನ್ನು ಮೊದಲಿಂದ ಕಟ್ಟಿದೆವು. ರಾತ್ರಿ ಹತ್ತಕ್ಕೆ ಸೆಕೆಂಡ್ ಲೆಕ್ಕ ಸೊನ್ನೆಗೆ ಇಳಿಯಿತು. ಹತ್ತೂಕಾಲಿಗೆ ಕರೆಂಟ್ ಹೋಯಿತು.