ಹೊಸ ರ‍್ಯಾಮ್ ಹಾಕಿದ ಮೇಲೆ ಬ್ಲೂ ಸ್ಕ್ರೀನ್ ಯಾಕೆ?

ಪ್ರಶ್ನೆ: ಡೆಸ್ಕ್‌ಟಾಪ್‌ನಲ್ಲಿ 8 ಜಿಬಿ ಡಿಡಿಆರ್4 ರ‍್ಯಾಮ್ ಇತ್ತು, ಇನ್ನೊಂದು 8 ಜಿಬಿ ತಂದು ಹಾಕಿದೆ. ವಿಂಡೋಸ್ 16 ಜಿಬಿ ಅಂತಲೇ ತೋರಿಸುತ್ತದೆ. ಆದರೆ ದಿನಕ್ಕೆ ಎರಡು ಮೂರು ಸಲ ಬ್ಲೂ ಸ್ಕ್ರೀನ್ ಬಂದು ರೀಸ್ಟಾರ್ಟ್ ಆಗುತ್ತದೆ. ಹೊಸ ರ‍್ಯಾಮೇ ಹಾಳಾ?

ಇರಬಹುದು. ಆದರೆ ನನ್ನ ಅನುಮಾನ ಮೊದಲು ಹೋಗುವುದು ಸ್ಪೀಡ್ ಮೇಲೆ. ಪ್ಯಾಕೆಟ್ ಮೇಲೆ 3200 ಅಂತ ದೊಡ್ಡದಾಗಿ ಬರೆದಿರುತ್ತದಲ್ವಾ, ಎಷ್ಟೋ ಗೇಮಿಂಗ್ ರ‍್ಯಾಮ್‌ಗಳಲ್ಲಿ ಅದು ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಸೆಟ್ಟಿಂಗ್ ಮೆನು) ಎಕ್ಸ್‌ಎಂಪಿ, ಅಂದರೆ ರ‍್ಯಾಮ್ ಅನ್ನು ಮಾಮೂಲಿಗಿಂತ ಹೆಚ್ಚು ಸ್ಪೀಡ್‌ನಲ್ಲಿ ಓಡಿಸುವ ಸೆಟ್ಟಿಂಗ್, ಆನ್ ಮಾಡಿ, ಮಾಮೂಲಿ 1.2 ವೋಲ್ಟ್ ಬದಲು 1.35 ವೋಲ್ಟ್ ಕೊಟ್ಟಾಗ ಮಾತ್ರ ಸಿಗುವ ಸ್ಪೀಡ್. ಕಿಟ್‌ನಲ್ಲಿ ಬಂದ ಜೋಡಿಯನ್ನು ಕಂಪನಿಯವರು ಒಟ್ಟಿಗೆ ಟೆಸ್ಟ್ ಮಾಡಿ ಕಳಿಸಿರುತ್ತಾರೆ. ನಿಮ್ಮ ಜೋಡಿ ಸೇರಿದ್ದು ನಿಮ್ಮ ಮನೆಯಲ್ಲೇ. ಒಂದು ಸಿಎಲ್16, ಇನ್ನೊಂದು ಸಿಎಲ್22 (ಕೇಳಿದ ಡೇಟಾ ಕೊಡಲು ರ‍್ಯಾಮ್‌ಗೆ ಬೇಕಾಗುವ ಕ್ಲಾಕ್ ಸೈಕಲ್‌ಗಳ ಲೆಕ್ಕ) ಆಗಿದ್ದರಂತೂ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದ ಕತೆ.

ಅದಕ್ಕೇ ಮೊದಲು ಎಕ್ಸ್‌ಎಂಪಿ ಆಫ್ ಮಾಡಿ ಎರಡು ದಿನ ಬಳಸಿ ನೋಡಿ. ಕ್ರ್ಯಾಶ್ ನಿಂತಿತಾ? ಹಾಗಾದರೆ ಬಹುಶಃ ಯಾವುದೂ ಹಾಳಾಗಿಲ್ಲ, ಎರಡಕ್ಕೂ ಆ ಸ್ಪೀಡ್‌ನಲ್ಲಿ ಹೊಂದಾಣಿಕೆ ಇಲ್ಲ, ಅಷ್ಟೇ. ನಾನಿದನ್ನು ತಿಳಿಯದೆ ಬೆಂಗಳೂರಿನ ಎಸ್‌ಪಿ ರೋಡ್‌ನ ಕಂಪ್ಯೂಟರ್ ಅಂಗಡಿಗೆ ಎರಡು ಸಲ ಓಡಾಡಿ ರ‍್ಯಾಮ್ ಸ್ಟಿಕ್ ಬದಲಾಯಿಸಿಕೊಂಡು ಬಂದಿದ್ದೆ, ಎರಡೂ ಸಲ ಎಕ್ಸ್‌ಎಂಪಿ ಆನ್ ಆಗೇ ಇತ್ತು!

ನಿಲ್ಲಲಿಲ್ಲ ಅಂದರೆ ಪವರ್ ಕೇಬಲ್ ಕಿತ್ತು ಕ್ಯಾಬಿನೆಟ್ ತೆಗೆಯಿರಿ. ಎರಡೂ ಸ್ಟಿಕ್ ತೆಗೆದು ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆತ್ತಗೆ ಉಜ್ಜಿ, ಪುಡಿ ಊದಿ. ವಾಪಸ್ ಹಾಕುವಾಗ ಒಂದನ್ನೇ ಹಾಕಿ. ಎರಡೂ ತುದಿ ಕೂರುವವರೆಗೆ ಒತ್ತಿ, ಕೆಲವು ಮದರ್‌ಬೋರ್ಡ್‌ಗಳಲ್ಲಿ ಕ್ಲಿಪ್ ಒಂದೇ ಕಡೆ ಇರುತ್ತದೆ, ಇನ್ನೊಂದು ತುದಿ ಎದ್ದಿದ್ದರೂ ಗೊತ್ತಾಗಲ್ಲ. ಆಮೇಲೆ ಪೆನ್ ಡ್ರೈವ್‌ನಿಂದ ಮೆಮ್‌ಟೆಸ್ಟ್86 ಅನ್ನುವ ರ‍್ಯಾಮ್ ಪರೀಕ್ಷೆಯ ಪ್ರೋಗ್ರಾಂ ಬೂಟ್ ಮಾಡಿ ರಾತ್ರಿಯಿಡೀ ಬಿಡಿ. ಮರುದಿನ ಅದೇ ಸ್ಲಾಟ್‌ನಲ್ಲಿ ಇನ್ನೊಂದು. ಒಂದೇ ಒಂದು ಎರರ್ ಬಂದರೂ ಆ ಸ್ಟಿಕ್ ಫೇಲ್. ಎರಡರಲ್ಲೂ ಎರರ್ ಬಂದರೆ ಸ್ಲಾಟ್ ಬದಲಿಸಿ ನೋಡಿ, ತಪ್ಪು ಬೋರ್ಡ್‌ನದ್ದೂ ಇರಬಹುದು.

ಒಂದೊಂದೇ ಪಾಸ್, ಒಟ್ಟಿಗೆ ಹಾಕಿದರೆ ಫೇಲ್ ಅಂತಾದರೆ ಎಲ್ಲಿ ಹಾಕಿದ್ದೀರಿ ನೋಡಿ. ನಾಲ್ಕು ಸ್ಲಾಟ್ ಇರುವ ಹೆಚ್ಚಿನ ಬೋರ್ಡ್‌ಗಳಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇದು ಮತ್ತು ನಾಲ್ಕನೇದು ಸರಿ. ಅದೂ ಸರಿಯಿದ್ದರೆ ಹಳೇ ಸ್ಟಿಕ್‌ನ ಲೇಬಲ್ ಫೋಟೋ ತೆಗೆದುಕೊಂಡು ಅಂಗಡಿಗೆ ಹೋಗಿ, ಅದೇ ಪಾರ್ಟ್ ನಂಬರ್ ಕೇಳಿ.

ಇದೆಲ್ಲ ಮುಗಿಯುವವರೆಗೆ ವಿಂಡೋಸ್ ಮತ್ತೆ ಇನ್‌ಸ್ಟಾಲ್ ಮಾಡಬೇಡಿ, ಫೋಟೋಗಳನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡುವುದೂ ಬೇಡ. ರ‍್ಯಾಮ್ ತಪ್ಪು ಮಾಡುತ್ತಿದ್ದರೆ ಕಾಪಿಯೂ ಕೆಟ್ಟೇ ಹೋಗಬಹುದು.